ಬಟ್ಟಲು ತಟ್ಟುವ ಅತ್ತಿಗೆ

ನಮ್ಮ ಜೊತೆಗೇ ಇದ್ದ ನನ್ನ ಗಂಡನ ಅಕ್ಕ ಹದಿನೆಂಟು ವರ್ಷ ಮಾಡಿದ್ದು ಒಂದೇ ಕೆಲಸ. ಪಿಂಗಾಣಿ ಕಾರ್ಖಾನೆಯಲ್ಲಿ ಭಟ್ಟಿಯಿಂದ ಬಂದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ, ಮರದ ಕಡ್ಡಿಯಿಂದ ತಟ್ಟಿ, ಕಿವಿಗೊಡುವುದು. ಟಣ್ ಎಂದರೆ ಗಟ್ಟಿ. ಠಪ್ ಎಂದರೆ ಒಳಗೆಲ್ಲೋ ಬಿರುಕು. ನನ್ನ ಮಗಳು ಹುಟ್ಟಿದ ದಿನ ಅವಳ ಅಳು ಕೇಳಿ, "ಮೊದಲನೇ ದರ್ಜೆ ಮಾಲು, ಪ್ಯಾಕ್ ಮಾಡಿ" ಅಂದವರೂ ಅವರೇ.

ಚಳಿಗಾಲ ಮುಗಿಯುವಾಗ ಕಾರ್ಖಾನೆಯಲ್ಲಿ ಬಟ್ಟಲು ಜೋಡಿಸುವ ಮೇಲಿನ ಹಲಗೆ ಜಾರಿ ಅವರ ತಲೆಗೆ ಬಡಿಯಿತು. ರಕ್ತ ಬರಲಿಲ್ಲ. "ಮಿದುಳು ಅಲುಗಿದೆ, ವಿಶ್ರಾಂತಿ ಬೇಕು" ಎಂದರು ಡಾಕ್ಟರು. ವಾಂತಿ ನಿಂತಿತು, ತಲೆಸುತ್ತೂ ಹೋಯಿತು. ಸದ್ದು ಮಾತ್ರ ತಡೆಯಲಾಗದಾಯಿತು. ಚಮಚ ತಟ್ಟೆಗೆ ತಾಗಿದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಕೆಲಸಕ್ಕೆ ಮರಳಿದ ದಿನ ನಾಲ್ಕನೇ ಬಟ್ಟಲಿಗೇ ಕಡ್ಡಿ ಕೆಳಗಿಟ್ಟು ಬಂದರು.

ನಾನು ಕುರ್ಚಿಯ ಕಾಲುಗಳಿಗೆ ಹಳೇ ಕಾಲುಚೀಲ ತೊಡಿಸಿದೆ, ಚಿಲಕಕ್ಕೆ ಬಟ್ಟೆ ಸುತ್ತಿದೆ. ಎರಡು ವರ್ಷದ ಮಗಳಿಗೂ ಕಲಿಸಿದೆ: ಅಳು ಬಂದರೆ ಬಾಯಿ ಮೇಲೆ ಕೈ. "ಅತ್ತೆಗೆ ನೋವಾಗುತ್ತೆ ಪುಟ್ಟೀ." ಬೇಗ ಕಲಿತಳು. ಹೆಮ್ಮೆಪಟ್ಟೆ.

ಮೊನ್ನೆ ಮಂಗಳವಾರದ ಹಿಂದಿನ ಮಂಗಳವಾರ, ಬಟ್ಟೆ ಒಣಹಾಕುತ್ತಿದ್ದೆ. ಮಗಳು ಬಂದು ನನ್ನ ಮೊಣಕಾಲಿಗೆ ಒರಗಿದಳು. ಒಂದು ಕೈ ಬಾಯಿ ಮೇಲೆ. ಇನ್ನೊಂದು ಕೈಯ ಬೆರಳು ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋಗಿತ್ತು. ಕಣ್ಣೀರು ಸುರಿಯುತ್ತಿತ್ತು, ಸದ್ದಿಲ್ಲ.

ಹೊಸ್ತಿಲಲ್ಲಿದ್ದ ಅತ್ತಿಗೆ ಬಂದು ಆ ಕೈ ಬಿಡಿಸಿದರು. "ಅಳೇ ಬಂಗಾರೀ, ಜೋರಾಗಿ ಅಳು."

ಅವಳು ನನ್ನ ಮುಖ ನೋಡಿದಳು. ನಾನೂ "ಅಳು" ಅಂದೆ. ತುಟಿ ನಡುಗಿತೇ ಹೊರತು ದನಿ ಹೊರಡಲಿಲ್ಲ.

"ಏಟು ಬಿದ್ದರೂ ದನಿ ಬಾರದ ಮಾಲನ್ನ ನಾನು ಯಾವತ್ತೂ ಪಾಸು ಮಾಡಿಲ್ಲ," ಅಂದರು ಅತ್ತಿಗೆ. "ನಾನಿಲ್ಲಿ ಇರಬಾರದು ಕಣೇ."

"ಎಲ್ಲಿಗೆ ಹೋಗ್ತೀರ? ಊರೆಲ್ಲಾ ಸದ್ದೇ."

"ಕಾರ್ಖಾನೆ ಹಿಂದೆ ಪ್ಯಾಕಿಂಗ್ ಹುಲ್ಲಿನ ಕೋಣೆ ಇದೆಯಲ್ಲ, ಸೂರಿನ ತನಕ ಹುಲ್ಲು. ಅಲ್ಲಿ ಏನೂ ಕೇಳಿಸಲ್ಲ. ಹುಲ್ಲು ಕಂಡ ಕತ್ತೆ ಮನೆ ನೆನೆಯಲ್ಲ, ಬಿಡು."

ನಾನು ತಡೆಯಲಿಲ್ಲ. ಅವರ ಹಾಸಿಗೆ ಸುತ್ತುವಾಗ ಮನಸ್ಸು ಒಂಚೂರು ಹಗುರಾಯಿತು, ಅದನ್ನೂ ಬರೆದಿಡಬೇಕು.

ಇವತ್ತಿಗೆ ಒಂಬತ್ತು ದಿನ. ಕಾಲುಚೀಲ ಬಿಚ್ಚಿದ್ದೇನೆ. ಮಗಳಿಗೆ ತಟ್ಟೆ, ಸೌಟು ಕೊಟ್ಟು "ಬಡಿಯೇ" ಅನ್ನುತ್ತೇನೆ. ಸೌಟನ್ನು ತಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಅತ್ತಿಗೆಯ ಖಾಲಿ ಕೋಣೆಯ ಕಡೆ ನೋಡುತ್ತಾಳೆ.

ಮಧ್ಯಾಹ್ನ ಊಟ ಕೊಡಲು ಹೋದರೆ ನಾನು ಬಾಗಿಲು ಬಡಿಯುವುದಿಲ್ಲ, ಕಿಟಕಿಯಲ್ಲಿ ಕೈ ಬೀಸುತ್ತೇನೆ. ಅತ್ತಿಗೆ ಬುತ್ತಿ ತೆಗೆದುಕೊಳ್ಳುವ ಮೊದಲು ಪಿಸುಗುಟ್ಟುತ್ತಾರೆ: "ಅತ್ತಳಾ?"

ಇಲ್ಲವೆಂದು ತಲೆಯಾಡಿಸಿ ಬರುತ್ತೇನೆ.