ಅತ್ತೆ ಕೊಡದಿದ್ದ ಬಾಡಿಗೆ ಚೀಟಿ

ಸಾಗರದ ನಮ್ಮ ಮನೆಯ ಹಿಂಬದಿಗೆ ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ ಇದೆ. ಮನೆ ಅತ್ತೆಯ ಹೆಸರಿನಲ್ಲಿದೆ, ಹಾಗಾಗಿ ಬಾಡಿಗೆಯ ವ್ಯವಹಾರವೂ ಅವರದೇ. ಬಂದವರಿಗೆ ಮಜ್ಜಿಗೆ ಕೊಡುತ್ತಿದ್ದರು, ಉಪ್ಪಿನಕಾಯಿ ಕೊಡುತ್ತಿದ್ದರು, ಜ್ವರ ಬಂದರೆ ಕಷಾಯ ಕುದಿಸಿ ಕುಡಿಸುತ್ತಿದ್ದರು. ಕಾಗದ ಮಾತ್ರ ಕೊಡುತ್ತಿರಲಿಲ್ಲ. ಕರಾರು ಪತ್ರವಿಲ್ಲ, ರಸೀದಿಯಿಲ್ಲ. ಗ್ಯಾಸಿನವನಿಗೆ ತೋರಿಸಲು ವಿಳಾಸ ಬರೆದುಕೊಡಿ ಎಂದವರಿಗೂ ಬರೆದುಕೊಟ್ಟವರಲ್ಲ.

ಇದಕ್ಕೊಂದು ಹಳೆಯ ಕಾರಣವಿತ್ತು. ಹೊಸನಗರದ ಹತ್ತಿರದ ಊರಿನಲ್ಲಿ ನಮ್ಮವರು ಗೇಣಿದಾರರಾಗಿದ್ದರು. ಒಡೆಯರ ಗದ್ದೆ ಮಾಡಿ, ವರ್ಷಕ್ಕಿಷ್ಟು ಭತ್ತ ಅಂತ ಅಳೆದು ಕೊಡುತ್ತಿದ್ದವರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ, ಗೇಣಿ ಸಂದಿದೆ ಎಂದು ಒಡೆಯರು ಬರೆದುಕೊಟ್ಟಿದ್ದ ಚೀಟಿಗಳನ್ನು ಮಾವನ ಅಪ್ಪ ಭೂ ನ್ಯಾಯಮಂಡಳಿಯ ಮುಂದಿಟ್ಟರು. ಗದ್ದೆ ನಮ್ಮದಾಯಿತು. ಆಗ ಅತ್ತೆ ಆ ಮನೆಗೆ ಹೊಸ ಸೊಸೆ. ಚೀಟಿಯ ತಾಕತ್ತನ್ನು ಕಣ್ಣಾರೆ ಕಂಡವರು, ತಾವೇ ಮನೆಯೊಡತಿಯಾದ ಮೇಲೆ ಚೀಟಿ ಅಂದರೆ ಬೆಚ್ಚಿಬೀಳುತ್ತಿದ್ದರು. ನನಗೋ ನಗುವೂ ಸಿಟ್ಟೂ ಒಟ್ಟಿಗೇ ಬರುತ್ತಿತ್ತು. ನನ್ನ ಗಂಡ ಈ ಮಾತು ಬಂದಾಗಲೆಲ್ಲ ಪೇಪರ್ ಹಿಡಿದು ಜಗಲಿಗೆ ಜಾರುತ್ತಿದ್ದರು.

ಹೋದ ವರ್ಷ ತುಮರಿ ಕಡೆಯ ಹುಡುಗಿಯೊಬ್ಬಳು ಆ ಕೋಣೆಗೆ ಬಂದಳು. ಬಿ.ಎಡ್. ಓದಲು ಬಂದವಳಿಗೆ ಹಾಸ್ಟೆಲ್ ಸಿಕ್ಕಿರಲಿಲ್ಲ. ಅಂಥವರ ಊಟ, ವಸತಿಗೆಂದು ಸರ್ಕಾರ ನೆರವು ಕೊಡುತ್ತದಂತೆ, ಅದಕ್ಕೆ ಅರ್ಜಿ ಹಾಕಬೇಕು, ಅರ್ಜಿಯ ಜೊತೆಗೆ ಬಾಡಿಗೆ ಕರಾರು ಬೇಕು. ಶುಕ್ರವಾರ ಕಡೇ ದಿನ.

"ಅದು ಸಿಗ್ಲಿಲ್ಲ ಅಂದ್ರೆ ಮನೇಲಿ ಓದು ಸಾಕು ಅಂತಾರೆ ಅಕ್ಕಾ. ತಂಗೀದೂ ಫೀಸ್ ಕಟ್ಟೋದು ಉಂಟು" ಅಂದಳು. ಅವಳು ಅಳಲಿಲ್ಲ. ಅತ್ತುಬಿಟ್ಟಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನನಗೆ ರೇಗಿತು. ಮರುದಿನ ನಾನೇ ಆ ನೆರವಿನ ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಹೋದೆ. ನೆರವು ಹುಡುಗಿಯ ಖಾತೆಗೇ ಬೀಳುತ್ತದೆ, ಮನೆಯವರಿಗೆ ಬರುವುದಿಲ್ಲ, ತಿಂಗಳು ತಿಂಗಳು ಬರುತ್ತದೆ ಎಂದು ಕಾಯಬೇಡಿ, ಬಂದಾಗ ಒಟ್ಟಿಗೆ ಬರುತ್ತದೆ, ಅಲ್ಲಿಯವರೆಗೆ ಬಾಡಿಗೆಗೆ ತಾಳ್ಮೆ ಬೇಕು ಎಂದು ಅಲ್ಲಿದ್ದವರು ತಿಳಿಸಿದರು. ಕರಾರು ಹನ್ನೊಂದು ತಿಂಗಳಿಗೆ ಸಾಕಂತೆ. ಬಾಡಿಗೆಗೆ ಕೊಡುವವರು ಇಷ್ಟು ತಿಳಿದಿದ್ದರೆ ಸಾಲದೇ? ಆದರೂ ಅತ್ತೆಯ ಮುಖ ನೆನಪಾಗಿ, "ಇದರಿಂದ ಮನೆ ಹೋಗ್ತದಾ?" ಅಂತ ನಾಚಿಕೆ ಬಿಟ್ಟು ಕೇಳಿದೆ. ಕಚೇರಿಯವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅದು ಗದ್ದೆಗೆ ಇದ್ದ ಕಾನೂನು ಅಮ್ಮ. ಕೋಣೆ ಉಳೋಕಾಗ್ತದಾ?" ಅಂದರು.

ಅಷ್ಟನ್ನೂ ಬಂದು ಒಪ್ಪಿಸಿದೆ. "ಆಫೀಸಿನವ್ರು ಹಂಗೇ ಹೇಳೋದು. ಆಗ್ಲೂ ಒಡೇರಿಗೆ ಏನೂ ಆಗಲ್ಲ ಅಂತ್ಲೇ ಹೇಳಿದ್ರು" ಅಂದರು ಅತ್ತೆ. ಇನ್ನು ನನ್ನ ಕೈಲಾಗದು ಎಂದು ಬಿಟ್ಟುಬಿಟ್ಟೆ.

ಗುರುವಾರ ಸಂಜೆ ಅತ್ತೆ ಹಿತ್ತಿಲ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಹುಡುಗಿ ಆಗಲೇ ಬ್ಯಾಗಿಗೆ ಬಟ್ಟೆ ತುಂಬಿ ಬಂದು, ತಾನೂ ಪಕ್ಕದಲ್ಲಿ ಕೂತು ಕಾಯಿ ಬಿಡಿಸತೊಡಗಿದಳು. ಅವಳಿಗೆ ತಪ್ಪು ತಿಳಿಯಬಾರದೆಂದೋ ಏನೋ, ಅತ್ತೆ ತಾವಾಗಿಯೇ ಗೇಣಿಯ ಕಥೆ ತೆಗೆದರು. ನಾನು ಒಗೆದ ಬಟ್ಟೆ ಮಡಚುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಕಥೆ ಮುಗಿದ ಮೇಲೆ ಹುಡುಗಿ ಕೇಳಿದಳು: "ಚೀಟಿ ಕೊಟ್ರೆ ಭೂಮಿ ಹೋಗ್ತದೆ ಅಂತ ಒಡೇರಿಗೆ ಗೊತ್ತಿರ್ಲಿಲ್ವಾ ಅಮ್ಮಾ?"

"ಗೊತ್ತಿಲ್ದೇ ಎಂಥದು? ಕಾನೂನು ಬರ್ತದೆ ಅಂತ ಊರೆಲ್ಲ ಸುದ್ದಿ. ಉಳಿದ ಒಡೇರೆಲ್ಲ ಚೀಟಿ ನಿಲ್ಸಿದ್ರು. ಇವ್ರಿಗೂ ಬಂದು ಬುದ್ಧಿ ಹೇಳಿ ಹೋಗಿದ್ರು."

"ಮತ್ತೆ ಯಾಕೆ ಕೊಟ್ರು?"

ಅತ್ತೆಯ ಕೈ ನಿಂತಿತು. "ಭತ್ತ ಅಳ್ಸಿಕೊಂಡಾಗಿದೆ, ಚೀಟಿ ಕೊಡ್ದೇ ಇರೋದು ಹ್ಯಾಂಗೆ ಅಂದ್ರಂತೆ" ಎಂದರು. ಈ ಮಾತನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಗೇಣಿಯ ಕಥೆ ನೂರು ಸಲ ಕೇಳಿದ್ದೆ, ಎಲ್ಲದರಲ್ಲೂ ಚೀಟಿ ಇತ್ತು, ಅದನ್ನು ಬರೆದ ಮನುಷ್ಯ ಇರಲಿಲ್ಲ.

ಅತ್ತೆ ಮಡಿಲಿನ ಸಿಪ್ಪೆ ಕೊಡವಿ ಎದ್ದರು. "ನಡಿ ಒಳಗೆ. ಎಲ್ಲಿ ಹಾಕ್ಬೇಕು ರುಜು?" ಅಂದರು. ಜಗಲಿಯಿಂದ ಪೇಪರ್ ಸಮೇತ ಓಡಿ ಬಂದ ನನ್ನ ಗಂಡನೇ ಸಾಕ್ಷಿ ಹಾಕಿದರು. ಶುಕ್ರವಾರ ಅರ್ಜಿ ಸೇರಿತು. ನನ್ನ ಎದೆಯ ಮೇಲಿಂದ ದೊಡ್ಡ ಭಾರ ಇಳಿಯಿತು, ಅಂದು ಇಡೀ ದಿನ ಯಾರನ್ನೂ ಗದರಲಿಲ್ಲ.

ನೆರವು ಬರುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು. ಹುಡುಗಿ ಮೊಬೈಲಿನ ಮೆಸೇಜು ತೋರಿಸುತ್ತಾ ಓಡಿ ಬಂದಳು. ಉಳಿದಿದ್ದ ಬಾಡಿಗೆಯನ್ನೆಲ್ಲ ತಂದು ಅತ್ತೆಯ ಕೈಗಿಟ್ಟಳು. ಅತ್ತೆ ಕನ್ನಡಕ ಹುಡುಕಿ, ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಬರೆಯತೊಡಗಿದರು.

"ಅಯ್ಯೋ, ಚೀಟಿ ಎಂಥಕ್ಕಮ್ಮ? ನಂಗೆ ನಿಮ್ ಮೇಲೆ ನಂಬ್ಕೆ ಇಲ್ವಾ?" ಅಂದಳು ಹುಡುಗಿ.

"ಸುಮ್ನೆ ನಿಂತ್ಕೊಳೇ ಮಾರಾಯ್ತಿ" ಎಂದು ಅತ್ತೆ ತಲೆಯೆತ್ತದೆ ಗದರಿದರು. "ಇಸ್ಕೊಂಡಾಗಿದೆ. ಚೀಟಿ ಕೊಡ್ದೇ ಇರೋದು ಹ್ಯಾಂಗೆ?"