ತಂಗಿಯ ಕಥೆಗೆ ನನ್ನ ಸುಳ್ಳುಸಾಕ್ಷಿ

ನಾನು ಐದನೆಯ ತರಗತಿಗೇ ಶಾಲೆ ಬಿಟ್ಟವಳು. ತಂಗಿ ಸಿಂಧನೂರಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು. ಮನೆಯ ಸಂಗತಿ ಬಾಯಿಬಿಟ್ಟು ಹೇಳಲಾಗದ ಮಕ್ಕಳು ಕಥೆಯಲ್ಲಾದರೂ ಹೇಳಲಿ ಎಂದು ಅವಳ ಕನ್ನಡ ಟೀಚರು ಎಲ್ಲರಿಂದಲೂ ಒಂದೊಂದು ಕಥೆ ಬರೆಸಿದರು. ತಂಗಿಯ ಕಥೆಯಲ್ಲಿ ಅಪ್ಪ ಅವ್ವನನ್ನು ಹೊಡೆಯುತ್ತಾನೆ. ಓಣಿಗೆ ಕೇಳಿಸದಿರಲೆಂದು ಅಕ್ಕ ಟಿವಿ ಸದ್ದು ಹೆಚ್ಚಿಸುತ್ತಾಳೆ. ಊರನ್ನು ಮಾತ್ರ ನಮ್ಮ ಗೊರೇಬಾಳದ ಬದಲು ಮಸ್ಕಿ ಎಂದು ಬರೆದಿದ್ದಳು.

ಟೀಚರು ಮನೆಯವರನ್ನು ಕರೆಸಿದಾಗ ನಾನು ಹೋದೆ. ತಂಗಿ ಪಕ್ಕದಲ್ಲೇ ನಿಂತಿದ್ದಳು.

"ನಿಮ್ಮ ಮನ್ಯಾಗ ಹಿಂಗ ಏನರ ಐತೇನವ್ವಾ?" ಎಂದು ಟೀಚರು ಕೇಳಿದರು.

"ಇಲ್ರೀ ಟೀಚರ್. ಧಾರಾವಾಹಿ ನೋಡಿ ನೋಡಿ ಬರದಾಳ. ನಮ್ಮಪ್ಪ ಒಂದ್ ಇರಿವಿನೂ ತುಳಿಯಂಗಿಲ್ಲ," ಎಂದೆ.

ಟೀಚರು ತಂಗಿಯ ಕಡೆ ನೋಡಿದರು. ಅವಳು ನನ್ನ ಮುಖ ನೋಡಿ, "ಹೌದ್ರೀ, ಧಾರಾವಾಹಿನ," ಎಂದಳು.

ಆಟೊ ಹತ್ತಿದ ಮೇಲೆ ಬೈದೆ. "ಮನೀ ಮಾತು ಯಾಕ ಬರದಿ ಬೇ?"

"ನಿನ್ನ ಕರಸ್ತಾರ, ನೀನರ ಖರೆ ಹೇಳ್ತಿ ಅಂತ ಬರದಿದ್ದೆ ಅಕ್ಕಾ."

ಸ್ವಲ್ಪ ಜೋರಾಗಿ ಹೋಗಪ್ಪಾ ಎಂದು ಆಟೊದವನಿಗೆ ಹೇಳಿದೆ. ಅಪ್ಪನ ಊಟದ ಹೊತ್ತಾಗಿತ್ತು.