ಅರ್ನೆಸ್ಟೀನಮ್ಮನ ಹಿಂದಿನ ಸೀಟು

ಪ್ರಿಯರೇ, ತುಸು ಹೊತ್ತು ಕಿವಿಗೊಟ್ಟು ಕೇಳಿ. ಕ್ಯಾಲಿಫೋರ್ನಿಯಾದ ಕಡಲಂಚಿನ ನಮ್ಮ ಊರಿನಲ್ಲಿ ಅರ್ನೆಸ್ಟೀನ್ ಟಿಬ್ಸ್ ಎಂಬ ತಾಯಿಯೊಬ್ಬರಿದ್ದಾರೆ. ಬಸ್ಸು ಓಡಿಸಿ ನಿವೃತ್ತರಾದರೂ ತಮ್ಮ ಭಾರಿ ಮೋಟಾರ್ ಸೈಕಲ್ಲನ್ನು ಬಿಟ್ಟವರಲ್ಲ. ಸಲಿಂಗಪ್ರೇಮಿಗಳಾದ ನಾವು ಪ್ರತಿ ಜೂನ್‌ನಲ್ಲಿ ಹೆಮ್ಮೆಯಿಂದ ಹೊರಡಿಸುವ ಪ್ರೈಡ್ ಮೆರವಣಿಗೆಯ ಮುಂದೆ ಮೋಟಾರ್ ಸೈಕಲ್ಲೇರಿದ ಹೆಂಗಸರೇ ಸಾಗುವುದು ವಾಡಿಕೆ. ಹೆಣ್ಣನ್ನೇ ಪ್ರೀತಿಸುವವಳೆಂದು ಮುಚ್ಚುಮರೆಯಿಲ್ಲದೆ ಹೇಳಿ ನಗರಸಭೆಗೆ ಗೆದ್ದ ನಮ್ಮ ರೊಸಾಲ್ಬಾ, ಪ್ರತಿವರ್ಷ ಈ ತಾಯಿಯ ಹಿಂದೆ ಕುಳಿತು ಜನರಿಗೆ ಕೈಬೀಸುತ್ತಿದ್ದಳು.

ಅಂಥವಳು ಮುಂದಿನ ಚುನಾವಣೆಯ ಪ್ರಚಾರಕ್ಕೆ ಸಿಗರೇಟು ಕಂಪನಿಯೊಂದರ ಹಣ ಪಡೆದಳು. ಅರ್ನೆಸ್ಟೀನರ ಸಂಗಾತಿ ಓಡೆಟ್, ಸಿಗರೇಟಿಗೆ ಪುಪ್ಪುಸವನ್ನು ತೆತ್ತು, ಈಗ ನಮ್ಮ ಚರ್ಚಿನ ಗಾಯನವೃಂದದಲ್ಲಿ ಸಾಲಿಗೊಮ್ಮೆ ನಿಂತು ಉಸಿರೆಳೆಯುವವರು. ಸುದ್ದಿ ಕೇಳಿದ ಅರ್ನೆಸ್ಟೀನ್ ಎಲ್ಲರೆದುರು ಗದರಲಿಲ್ಲ. ಭಾನುವಾರದ ಆರಾಧನೆಯ ನಂತರ, ಚರ್ಚಿನ ಸಹಭೋಜನದಲ್ಲಿ, ಹುರಿದ ಕೋಳಿಯ ತಟ್ಟೆ ಹಿಡಿದು ರೊಸಾಲ್ಬಾಳ ಪಕ್ಕದಲ್ಲಿ ಕುಳಿತರು.

"ಈ ಸಲ ಹಿಂದಿನ ಸೀಟು ಖಾಲಿ ಕಣೇ."

"ಯಾಕಕ್ಕ, ನಾನು ದಪ್ಪ ಆದ್ನಾ?"

"ನೀನಲ್ಲ, ನಿನ್ನ ಜೇಬು. ನನ್ನ ಗಾಡಿ ಹೊರೋದು ಇಬ್ಬರನ್ನೇ. ಸಿಗರೇಟು ಕಂಪನಿಗೂ ಜಾಗ ಕೊಡು ಅಂದ್ರೆ ಎಲ್ಲಿಂದ ತರ್ಲಿ?"

ರೊಸಾಲ್ಬಾಳ ಮುಖ ಬಾಡಿತು. "ನಮ್ಮನ್ನ ಯಾರೂ ಹತ್ರ ಸೇರಿಸದೆ ಇದ್ದಾಗ ನಮ್ಮ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟೋರು ಅವರೇ ತಾನೆ? ಆ ಋಣ ಮರೆಯೋದಾ?"

"ಯಾರೂ ಬಾರದ ಕೋಳಿಗೂಡಿಗೆ ನರಿ ತಪ್ಪದೆ ಬರುತ್ತೆ. ಅದಕ್ಕೆ ಕೋಳಿ ಋಣ ಇಟ್ಕೊಳ್ಳುತ್ತಾ?"

ಎದುರಿಗಿದ್ದ ಓಡೆಟ್ ನಕ್ಕರು. ನಗುವಿಗೂ ಕೆಮ್ಮು ಬೆರೆಯಿತು. "ಋಣ ನಾನು ತೀರಿಸಿ ಆಯ್ತು ಬಿಡಮ್ಮ. ಎಲ್ಲರ ಪಾಲಿಂದೂ ಸೇರಿಸಿ."

ರೊಸಾಲ್ಬಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ವಾಪಸ್ ಕೊಟ್ರೆ ಪ್ರಚಾರ ಹೇಗಕ್ಕ? ಸೋತುಬಿಡ್ತೀನಿ."

"ಮನೆಮನೆ ಬಾಗಿಲು ತಟ್ಟಿ ಓಟು ಕೇಳೋಕೆ ನಾನಿದ್ದೀನಿ. ಬಸ್ಸು ತಡವಾಯ್ತು ಅಂತ ನನ್ನ ಬೈಯದ ಮನೆ ಈ ಊರಲ್ಲಿಲ್ಲ. ಎಲ್ಲರ ಪರಿಚಯ ಇದೆ."

ಹಣ ಹಿಂದಿರುಗಿತು. ಆ ಜೂನ್ ತಿಂಗಳ ಮೆರವಣಿಗೆಯಲ್ಲಿ ಇಬ್ಬರೂ ಒಟ್ಟಿಗೆ ಸಾಗಿದರು. ಶರತ್ಕಾಲದ ಚುನಾವಣೆಯಲ್ಲಿ ರೊಸಾಲ್ಬಾ ಕೆಲವೇ ಮತಗಳ ಅಂತರದಿಂದ ಗೆದ್ದಳು. ಈಗ ಅರ್ನೆಸ್ಟೀನ್, ಅಂಥದೇ ಹಣ ಪಡೆದು ರಾಜ್ಯ ಶಾಸನಸಭೆಯಲ್ಲಿರುವ ನಮ್ಮವನೊಬ್ಬನ ಬೆನ್ನು ಹತ್ತಿದ್ದಾರೆ. ಹಣ ಹಿಂದಿರುಗಿಸಲು ಆತ ಇನ್ನೂ ಒಪ್ಪಿಲ್ಲ. ಕೋಳಿಯನ್ನು ಮಾತ್ರ ಎರಡನೆಯ ಸಲ ಬಡಿಸಿಕೊಂಡಿದ್ದಾನೆ.

ಪ್ರಿಯರೇ, ದೇವರು ಮನುಷ್ಯನಿಗೆ ಊದಿದ ಉಸಿರು ಮಾರಾಟದ ಸರಕಲ್ಲ. ನೀವು ಗೆಲ್ಲಿಸಿದವರ ಕೈಗೆ ಅಂಥ ಹಣ ಬಂದಾಗ, ದೂರ ನಿಂತು ಶಪಿಸಬೇಡಿ. ಪಕ್ಕದಲ್ಲಿ ಕುಳಿತು, ಪ್ರೀತಿಯಿಂದ, ಬೇಡವೆನ್ನಲು ಕೇಳಿಕೊಳ್ಳಿ. ಬೇಡವೆಂದವರಿಗಾಗಿ ನಾಲ್ಕು ಬಾಗಿಲು ತಟ್ಟಿ.